ಯಾರೂ ನುಡಿಸದ ಕೃತಿಗಳಿಗಾಗಿ ಒಂದು ಸಂಜೆ

ಫರ್ಡಿನಾಂಡ್ ರೀಸ್ ಎಂಬ ಜರ್ಮನ್ ಸಂಯೋಜಕ ಬರೆದ ಹಾರ್ನ್ ಸೊನಾಟಾವನ್ನು, ಅಂದರೆ ಹಾರ್ನ್ ಮತ್ತು ಪಿಯಾನೊ ಜೊತೆಯಾಗಿ ನುಡಿಸುವ ಹಲವು ಭಾಗಗಳ ಕೃತಿಯನ್ನು, ಧಾರವಾಡದಲ್ಲಿ ನುಡಿಸಬೇಕೆಂದು ನಾನು ನಿಶ್ಚಯಿಸಿದಾಗ, ಈ ಅವಳಿ ನಗರದಲ್ಲಿ ನುಡಿಸಲು ಯೋಗ್ಯವಾದ ಪಿಯಾನೊ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಜೊತೆಗೆ ಕೂರುವವರು ಯಾರು, ಬಂದು ಕೇಳುವವರು ಯಾರು ಎಂಬುದೂ ತಿಳಿದಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: 1811ರ ಸುಮಾರಿಗೆ ಬಂದ ಆ ಕೃತಿ ನಿಜಕ್ಕೂ ಚೆನ್ನಾಗಿದೆ, ಅದನ್ನು ನುಡಿಸುವವರು ಬಹಳ ಕಡಿಮೆ.

ನಾನು ನುಡಿಸುವುದು ಫ್ರೆಂಚ್ ಹಾರ್ನ್. ಸುರುಳಿ ಸುತ್ತಿದ ಹಿತ್ತಾಳೆಯ ಕೊಳವೆ, ಕೊನೆಗೆ ಅಗಲವಾಗಿ ತೆರೆದ ಬಾಯಿ. ಎಡಗೈ ಬೆರಳುಗಳು ಕೊಳವೆಯ ಉದ್ದವನ್ನು ಬದಲಿಸುವ ವಾಲ್ವ್‌ಗಳ ಮೇಲೆ, ಬಲಗೈ ವಾದ್ಯದ ಬಾಯಿಯೊಳಗೆ. ಸುರುಳಿ ಬಿಚ್ಚಿ ನೇರ ಮಾಡಿದರೆ ಎಫ್ ಹಾರ್ನಿನ ಕೊಳವೆ ಸುಮಾರು 3.7 ಮೀಟರ್, ಅಂದರೆ ಹನ್ನೆರಡು ಅಡಿ ಉದ್ದವಾಗುತ್ತದೆ. ಹುಬ್ಬಳ್ಳಿಯ ಮದುವೆ ಮೆರವಣಿಗೆಗಳ ಬ್ಯಾಂಡಿನಲ್ಲಿ ಇದು ಕಾಣಸಿಗುವುದಿಲ್ಲ. ಅಲ್ಲಿ ಟ್ರಂಪೆಟ್, ಕ್ಲಾರಿನೆಟ್‌ಗಳದೇ ಕಾರುಬಾರು. ಸೇನೆಯ ಬ್ಯಾಂಡುಗಳಲ್ಲಿ ಇದೆ. ನನಗೆ ಇದು ದೊರೆತದ್ದೂ ಅಲ್ಲಿಂದಲೇ.

ನನ್ನ ಗುರುಗಳು ಸೇನೆಯ ಬ್ಯಾಂಡಿನಲ್ಲಿದ್ದವರು. ಪಚ್‌ಮಢಿಯ ಸೇನಾ ಸಂಗೀತ ಶಾಲೆಯಲ್ಲಿ ಕಲಿತು, ಸೇವೆ ಮುಗಿಸಿ ಧಾರವಾಡಕ್ಕೆ ಮರಳಿ, ಸಪ್ತಾಪುರದ ಮನೆಯ ಪಡಸಾಲೆಯಲ್ಲಿ ಹುಡುಗರಿಗೆ ಟ್ರಂಪೆಟ್ ಹೇಳಿಕೊಡುತ್ತಿದ್ದರು. ನಾನೂ ಟ್ರಂಪೆಟ್ ಕಲಿಯಲೆಂದೇ ಹೋಗಿದ್ದೆ. ನಮ್ಮದು ರೈಲ್ವೆ ಮನೆತನ. ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು, ಗದಗ ರಸ್ತೆಯ ಕ್ವಾರ್ಟರ್ಸಿನಲ್ಲಿ ನಾನು ಬೆಳೆದೆ. ಒಂದು ದಿನ ಗುರುಗಳು ಟ್ರಂಕು ತೆರೆದು ತಮ್ಮ ಹಾರ್ನನ್ನು ಹೊರತೆಗೆದರು. ಒಂದೇ ಒಂದು ದೀರ್ಘ ಸ್ವರ ಊದಿದರು. ಆ ಸ್ವರ ನೇರವಾಗಿ ನನ್ನ ಕಡೆ ಬರಲಿಲ್ಲ. ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದಾದ್ದರಿಂದ ಅದು ಹಿಂದಿನ ಗೋಡೆಗೆ ತಾಗಿ, ಪಡಸಾಲೆಯನ್ನೆಲ್ಲ ತುಂಬಿಕೊಂಡು ಆಮೇಲೆ ಬಂತು. ಆ ಕ್ಷಣದಿಂದ ಟ್ರಂಪೆಟ್ ನನ್ನ ಮನಸ್ಸಿನಿಂದ ಇಳಿದುಹೋಯಿತು.

ಕವಾಯತಿನ ಮಾರ್ಚ್‌ಗಳಲ್ಲಿ ಹಾರ್ನಿನವರ ಕೆಲಸ ಏನೆಂದರೆ, ತಾಳದ ಪೆಟ್ಟು ಬಿದ್ದ ಮೇಲೆ ಉಳಿಯುವ ಎಡೆಯನ್ನು ತುಂಬುವುದು. ರಾಗವೆಲ್ಲ ಟ್ರಂಪೆಟ್ಟಿಗೆ, ಕ್ಲಾರಿನೆಟ್ಟಿಗೆ. ನನ್ನ ಗುರುಗಳು ತಮ್ಮ ಸೇವಾವಧಿಯ ಬಹುಭಾಗವನ್ನು ಆ ಎಡೆಗಳಲ್ಲೇ ಕಳೆದವರು. ಆದರೂ ಈ ವಾದ್ಯಕ್ಕಾಗಿ ಯುರೋಪಿನ ದೊಡ್ಡವರು ಬರೆದಿದ್ದಾರೆ, ಅದನ್ನು ನೀನು ನುಡಿಸಬೇಕು ಎಂದು ಅವರು ಮೊದಲ ವರ್ಷದಿಂದಲೇ ಹೇಳುತ್ತಿದ್ದರು.

ದೊಡ್ಡವರು ಬರೆದದ್ದನ್ನು ಕಲಿತೆ. ಲೊಯ್ಟ್‌ಗೆಬ್ ಎಂಬ ಗೆಳೆಯನಿಗಾಗಿ ಮೊಟ್ಸಾರ್ಟ್ ಬರೆದ ಕನ್ಚೆರ್ಟೊಗಳು (ವಾದ್ಯವೃಂದದ ಜೊತೆ ಒಂಟಿ ವಾದ್ಯ ನುಡಿಸುವ ಕೃತಿಗಳು), ರಿಚರ್ಡ್ ಸ್ಟ್ರಾಸ್ ಹದಿಹರೆಯದಲ್ಲಿ ಬರೆದು 1883ರಲ್ಲಿ ಮುಗಿಸಿದ ಮೊದಲ ಕನ್ಚೆರ್ಟೊ, ತಾಯಿ ತೀರಿಕೊಂಡ ವರ್ಷದಲ್ಲಿ, 1865ರಲ್ಲಿ, ಬ್ರಾಮ್ಸ್ ಹಾರ್ನ್, ಪಿಟೀಲು, ಪಿಯಾನೊ ಮೂರಕ್ಕೂ ಸೇರಿಸಿ ಬರೆದ ಟ್ರಿಯೊ. ವಾದ್ಯವೃಂದಗಳಿಗೆ ವಾದಕರನ್ನು ಆರಿಸುವಾಗ ನುಡಿಸಲು ಕೇಳುವುದು ಬಹುಮಟ್ಟಿಗೆ ಮೊಟ್ಸಾರ್ಟ್ ಮತ್ತು ಸ್ಟ್ರಾಸ್; ಆದ್ದರಿಂದ ಹಾರ್ನ್ ಕಲಿಯುವವರೆಲ್ಲ ಇವನ್ನೇ ತಿದ್ದುತ್ತಾರೆ, ವೇದಿಕೆ ಸಿಕ್ಕಾಗ ಇವನ್ನೇ ನುಡಿಸುತ್ತಾರೆ. ಇವು ಶ್ರೇಷ್ಠ ಕೃತಿಗಳೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಹತ್ತಾರು ಸಂಯೋಜಕರು ಈ ವಾದ್ಯಕ್ಕಾಗಿ ಮನಸ್ಸಿಟ್ಟು ಬರೆದದ್ದು ಕಪಾಟಿನಲ್ಲೇ ಉಳಿಯುತ್ತದೆ ಎಂಬುದು ನನ್ನನ್ನು ಕಾಡತೊಡಗಿತು.

ರೀಸ್ ನನಗೆ ಸಿಕ್ಕಿದ್ದು ಬೀಥೋವನ್ ಮೂಲಕ. ಬೀಥೋವನ್ ಹಾರ್ನಿಗಾಗಿ ಒಂದು ಸೊನಾಟಾ ಬರೆದಿದ್ದಾನೆ, ಓಪಸ್ (ಕೃತಿಸಂಖ್ಯೆ) 17. ಅದನ್ನು 1800ರ ಏಪ್ರಿಲ್ 18ರಂದು ವಿಯೆನ್ನಾದಲ್ಲಿ ಪುಂಟೋ ಎಂಬ ಹಾರ್ನ್ ವಾದಕನ ಜೊತೆ ಅವನೇ ನುಡಿಸಿದ. ಈ ಪುಂಟೋನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವನ ನಿಜವಾದ ಹೆಸರು ಯಾನ್ ವಾತ್ಸ್ಲಾವ್ ಸ್ಟಿಖ್. ಬೊಹೆಮಿಯಾದ ಕೌಂಟ್ ಥುನ್ ಎಂಬ ಜಮೀನ್ದಾರನ ಜೀತದ ಒಕ್ಕಲಿನಲ್ಲಿ 1746ರಲ್ಲಿ ಹುಟ್ಟಿದವನು. ಕೌಂಟನೇ ಅವನಿಗೆ ಸಂಗೀತ ಕಲಿಯಲು ಏರ್ಪಾಡು ಮಾಡಿದ. ಅವನು ಸೇವೆ ಬಿಟ್ಟು ಓಡಿಹೋದಾಗ, ಮುಂದೆಂದೂ ಹಾರ್ನ್ ಊದದಂತೆ ಅವನ ಮುಂದಿನ ಹಲ್ಲುಗಳನ್ನು ಉದುರಿಸಿ ಬನ್ನಿ ಎಂದು ಆಳುಗಳನ್ನು ಬೆನ್ನಿಗೆ ಕಳಿಸಿದನೆಂಬ ಕಥೆ ಹಾರ್ನ್ ವಾದಕರಿಗೆಲ್ಲ ಗೊತ್ತು. ಅವನು ತಪ್ಪಿಸಿಕೊಂಡ, ಇಟಾಲಿಯನ್ ಹೆಸರಿಟ್ಟುಕೊಂಡ, ಯುರೋಪಿನ ತುಂಬ ಮೆರೆದ. ಬೀಥೋವನ್ ಆ ಸೊನಾಟಾವನ್ನು ಕಾರ್ಯಕ್ರಮದ ಹಿಂದಿನ ದಿನ ಬರೆಯಲು ಶುರುಮಾಡಿದ ಎಂಬ ಸಂಗತಿಯನ್ನು ದಾಖಲಿಸಿದವನು ಅವನ ಶಿಷ್ಯ ಫರ್ಡಿನಾಂಡ್ ರೀಸ್. ಗುರುವಿನ ನೆನಪುಗಳನ್ನು ಲೋಕಕ್ಕೆ ಕೊಟ್ಟ ಶಿಷ್ಯನೆಂದೇ ಎಲ್ಲರೂ ಅವನನ್ನು ಬಲ್ಲರು. ಅವನೂ ಹಾರ್ನಿಗಾಗಿ ಒಂದು ಸೊನಾಟಾ ಬರೆದ, ಎಫ್ ಮೇಜರಿನಲ್ಲಿ, ಓಪಸ್ 34. ಗುರುವಿನದಕ್ಕಿಂತ ಉದ್ದನೆಯದು. ನನ್ನ ದೃಷ್ಟಿಯಲ್ಲಿ ಹಾರ್ನಿನ ಮಟ್ಟಿಗೆ ಗುರುವಿನದಕ್ಕಿಂತ ಹೆಚ್ಚು ಯೋಚಿಸಿ ಬರೆದದ್ದು. ಆ ತೀರ್ಮಾನವನ್ನು ನಾನು ಯಾರ ಎದುರಿಗಾದರೂ ಸಮರ್ಥಿಸಿಕೊಳ್ಳಬಲ್ಲೆ.

ಸ್ವರಲಿಪಿ ಸಿಗುವುದು ಕಷ್ಟವಾಗಲಿಲ್ಲ. ಹಕ್ಕುಸ್ವಾಮ್ಯ ಮುಗಿದ ಹಳೆಯ ಮುದ್ರಣಗಳು ಐಎಂಎಸ್‌ಎಲ್‌ಪಿ ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಹೊರೆಗಟ್ಟಲೆ ಅಚ್ಚು ಹಾಕಿಸಿದೆ. ಕಷ್ಟ ಇದ್ದದ್ದು ಆಯ್ಕೆಯಲ್ಲಿ. ಮರೆತುಹೋದದ್ದೆಲ್ಲ ಒಳ್ಳೆಯದೇನಲ್ಲ. ಪುಟ ತಿರುವುತ್ತ ಹೋದಂತೆ ವಾದಕನ ಚಾತುರ್ಯ ತೋರಿಸಲೆಂದೇ ಬರೆದ, ಒಂದು ಸಲ ಕೇಳಿದರೆ ಸಾಕೆನಿಸುವ ಕೃತಿಗಳೂ ಬಹಳ ಸಿಕ್ಕವು, ಅವನ್ನು ಬದಿಗಿಟ್ಟೆ. ಒಳ್ಳೆಯವೆಂದು ಗೊತ್ತಿದ್ದರೂ ಕೈಗೆ ನಿಲುಕದವು ಇನ್ನೊಂದಷ್ಟು. ಎಥೆಲ್ ಸ್ಮೈತ್ ಅವರು ಪಿಟೀಲು ಮತ್ತು ಹಾರ್ನಿಗೆ ಬರೆದ ಕನ್ಚೆರ್ಟೊ ನನಗೆ ಪ್ರಾಣ. ರೂತ್ ಗಿಪ್ಸ್ ತಮ್ಮ ಮಗನಿಗಾಗಿ 1968ರಲ್ಲಿ ಬರೆದ ಹಾರ್ನ್ ಕನ್ಚೆರ್ಟೊ ಕೂಡ. ಆದರೆ ವಾದ್ಯವೃಂದವನ್ನು ಎಲ್ಲಿಂದ ತರಲಿ? ಕಾರ್ಲ್ ರೈನೆಕೆಯ ಟ್ರಿಯೊಗೆ ಓಬೊ ಎಂಬ ಮರದ ಊದುವಾದ್ಯ ಬೇಕು. ಹುಬ್ಬಳ್ಳಿ, ಧಾರವಾಡ, ಗದಗ ಎಲ್ಲೆಡೆ ವಿಚಾರಿಸಿದೆ, ಓಬೊ ಇರುವವರು ಒಬ್ಬರೂ ಸಿಗಲಿಲ್ಲ.

ಕೊನೆಗೆ ಮೂರು ನಿಂತವು. ರೀಸ್‌ನ ಸೊನಾಟಾ. ಪ್ಯಾರಿಸಿನ ಜಾಕ್ ಫ್ರಾಂಸ್ವಾ ಗಲೇ ಒಂಟಿ ಹಾರ್ನಿಗಾಗಿ ಬರೆದ ನಲವತ್ತು ಪ್ರೆಲ್ಯೂಡುಗಳಲ್ಲಿ, ಅಂದರೆ ಕಿರುಕೃತಿಗಳಲ್ಲಿ, ಕೆಲವು. ಮತ್ತು ಬೆಲ್ಜಿಯಂನ ಜೇನ್ ವಿನ್ಯೆರಿ ಅವರ ಸೊನಾಟಾ, ಓಪಸ್ 7. ವಿನ್ಯೆರಿ ಅವರದು 1942ರ ಕೃತಿ. ಆಗ ಬೆಲ್ಜಿಯಂ ಜರ್ಮನ್ ಸೇನೆಯ ವಶದಲ್ಲಿತ್ತು. ಅಂಥ ಕಾಲದಲ್ಲಿ ಗೆಂಟ್ ನಗರದ ಆ ತರುಣಿ ಇಷ್ಟು ಬೆಳಕಿನ, ಇಷ್ಟು ಚುರುಕಿನ ಸಂಗೀತ ಬರೆದರೆಂಬುದು ನನಗೆ ಪ್ರತಿ ಸಲವೂ ಬೆರಗು. 1974ರಲ್ಲಿ ಅವರು ರೈಲು ಅಪಘಾತದಲ್ಲಿ ತೀರಿಕೊಂಡರು. ರೈಲಿನ ಅನ್ನ ತಿಂದು ಬೆಳೆದವಳು ನಾನು. ಆ ಸಾಲನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಅವರ ಸ್ವರಲಿಪಿ ಉಚಿತವಾಗಿ ಸಿಗುವಂಥದ್ದಲ್ಲ. ಹೊರದೇಶದಿಂದ ಹಣ ಕಟ್ಟಿ ತರಿಸಿಕೊಂಡೆ. ಅಂಚೆಯಲ್ಲಿ ಬಂದ ಲಕೋಟೆಯನ್ನು ಅಪ್ಪ ತಾವೇ ಬಿಡಿಸಿ, ತಮಗೆ ಓದಲು ಬಾರದ ಆ ಸ್ವರಗಳನ್ನು ಪುಟಪುಟವಾಗಿ ನೋಡಿದರು.

ಅಭ್ಯಾಸದಲ್ಲಿ ಹೆಚ್ಚು ಕಾಲ ತೆಗೆದುಕೊಂಡದ್ದು ಗಲೇ. ಅವನ ಕಾಲ 1795ರಿಂದ 1864. ವಾಲ್ವ್ ಆಗಲೇ ಬಂದಿತ್ತು. 1814ರ ಸುಮಾರಿಗೆ ಜರ್ಮನಿಯಲ್ಲಿ ಅದು ಕಾಣಿಸಿಕೊಂಡಿತು. ಆದರೆ ಗಲೇ ಜೀವನವಿಡೀ ವಾಲ್ವ್ ಇಲ್ಲದ ಬರಿಯ ಕೊಳವೆಯ ಪಕ್ಷಪಾತಿ. ಬರಿಯ ಕೊಳವೆಯಲ್ಲಿ ಎಲ್ಲ ಸ್ವರಗಳೂ ಹುಟ್ಟುವುದಿಲ್ಲ. ತುಟಿಯ ಬಿಗಿತವನ್ನು ಬದಲಿಸುತ್ತ ಕೆಳಗಿನಿಂದ ಮೇಲಕ್ಕೆ ಹೋದರೆ ಷಡ್ಜ, ಅದರ ಮೇಲಿನ ಷಡ್ಜ, ಪಂಚಮ, ಮತ್ತೆ ಷಡ್ಜ, ಗಂಧಾರ, ಪಂಚಮ. ಏಳನೆಯದು ಕೋಮಲ ನಿಷಾದಕ್ಕಿಂತ ತುಸು ಇಳಿದದ್ದು. ಎಂಟನೆಯದು ಷಡ್ಜ, ಆಮೇಲೆ ರಿಷಭ, ಗಂಧಾರ. ಹನ್ನೊಂದನೆಯದು ಶುದ್ಧ ಮಧ್ಯಮಕ್ಕೂ ತೀವ್ರ ಮಧ್ಯಮಕ್ಕೂ ಹೆಚ್ಚುಕಡಿಮೆ ನಟ್ಟನಡುವೆ ನಿಲ್ಲುತ್ತದೆ. ನಡುವಿನ ಖಾಲಿ ಜಾಗಗಳನ್ನು ತುಂಬುವುದು ಬಲಗೈ. ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಡ್ರೆಸ್ಡೆನ್ನಿನ ಹಾಂಪೆಲ್ ಎಂಬವನು ಈ ಕೈಚಳಕವನ್ನು ಒಂದು ಕ್ರಮಕ್ಕೆ ತಂದ ಎನ್ನುತ್ತಾರೆ. ಅಂಗೈಯನ್ನು ಒಳಗೆ ಅರ್ಧ ಮುಚ್ಚಿದರೆ ಸ್ವರ ಇಳಿಯುತ್ತದೆ, ಇನ್ನಷ್ಟು ಮುಚ್ಚಿದರೆ ಇನ್ನಷ್ಟು. ಇಳಿಯುವುದಷ್ಟೇ ಅಲ್ಲ, ಬಣ್ಣವೂ ಬದಲಾಗುತ್ತದೆ: ತೆರೆದ ಸ್ವರ ಮೈತುಂಬಿ ಬರುತ್ತದೆ, ಮುಚ್ಚಿದ ಸ್ವರ ಗಂಟಲೊಳಗಿನಿಂದ ಬಂದಂತಿರುತ್ತದೆ. ವಾಲ್ವ್ ಬಂದ ಮೇಲೆ ಎಲ್ಲ ಸ್ವರಗಳಿಗೂ ಒಂದೇ ಬಣ್ಣ ಬಂತು. ಅದು ದೊಡ್ಡ ಅನುಕೂಲ, ನಿಜ. ಆದರೆ ಗಲೇಯನ್ನು ವಾಲ್ವ್ ಒತ್ತಿ ನುಡಿಸಿದರೆ ಅವನು ಎಲ್ಲಿ ನೋವನ್ನಿಟ್ಟಿದ್ದಾನೆ, ಎಲ್ಲಿ ಬಿಡುಗಡೆಯನ್ನಿಟ್ಟಿದ್ದಾನೆ ಎಂಬುದು ಕೇಳುವವರಿಗೆ ತಿಳಿಯುವುದಿಲ್ಲ.

ಹೀಗಾಗಿ ವಾಲ್ವ್ ಮುಟ್ಟದೆ ಅಭ್ಯಾಸಕ್ಕೆ ಕುಳಿತೆ. ನನ್ನ ಬಲ ಅಂಗೈ ಚಿಕ್ಕದು. ಬೆರಳುಗಳನ್ನು ಒಂದಕ್ಕೊಂದು ಅಂಟಿಸಿ, ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಕೂರಿಸಿ, ಮಣಿಕಟ್ಟನ್ನು ಬಾಗಿಲಿನಂತೆ ತೆರೆದು ಮುಚ್ಚಬೇಕು. ಬೆರಳ ಸಂದಿಯಲ್ಲಿ ಗಾಳಿ ಸೋರಿದರೆ ಸ್ವರ ಒಡೆಯುತ್ತದೆ. ಬೆಳಗ್ಗೆ ಬೇಗ ಎದ್ದು ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಹೋಗಿ ಊದುತ್ತಿದ್ದೆ. ಬೇಟೆಯ ಬಯಲಿನಲ್ಲಿ ಹುಟ್ಟಿದ ವಾದ್ಯವಿದು, ಬಯಲಿನಲ್ಲಿ ಇದರ ದನಿಗೆ ಸಂಕೋಚವಿಲ್ಲ. ವಾಯುವಿಹಾರಕ್ಕೆ ಬರುವ ಹಿರಿಯರು ನಿಂತು ನೋಡುತ್ತಿದ್ದರು. ಒಬ್ಬ ಅಜ್ಜಿ, “ತಂಗಿ, ಕೈಯನ್ನು ಒಳಗೇಕೆ ಹಾಕುತ್ತೀ? ಸಿಕ್ಕಿಕೊಂಡಿದೆಯೇ?” ಎಂದು ಕಳವಳದಿಂದ ಕೇಳಿದರು. ಕೈ ತೆಗೆದು, ಮತ್ತೆ ಇಟ್ಟು, ಎರಡೂ ಬಗೆಯಲ್ಲಿ ಊದಿ ತೋರಿಸಿದೆ. ಅವರು ಪಕ್ಕದ ಕಲ್ಲುಬೆಂಚಿನ ಮೇಲೆ ಕುಳಿತು ಕೊನೆಯವರೆಗೂ ಕೇಳಿದರು.

ಆ ನಲವತ್ತರಲ್ಲಿ ಕೊನೆಯ ಇಪ್ಪತ್ತು ಪ್ರೆಲ್ಯೂಡುಗಳಿಗೆ ತಾಳದ ಕಟ್ಟು ಇಲ್ಲ. ಪುಟದ ಮೇಲೆ ಗೆರೆ ಹಾಕಿ ಮಾತ್ರೆಗಳನ್ನು ಬೇರ್ಪಡಿಸಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದು ವಾದಕರ ವಿವೇಕಕ್ಕೆ ಬಿಟ್ಟದ್ದು. ಈ ವಿವೇಕವನ್ನು ನಾನು ಕಲಿತದ್ದು ಮಾಳಮಡ್ಡಿಯಲ್ಲಿರುವ ಸೋದರತ್ತೆಯಿಂದ. ಅವರು ಹಿಂದೂಸ್ತಾನಿ ಹಾಡುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಗಲೇಯ ಒಂದು ಪ್ರೆಲ್ಯೂಡ್ ನುಡಿಸಿದಾಗ ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು.

“ಇದು ಆಲಾಪವಲ್ಲವೇನು? ಹಾಗಿದ್ದರೆ ಅವಸರವೇಕೆ ಮಾಡುತ್ತೀ? ಷಡ್ಜದ ಮೇಲೆ ಇನ್ನೂ ಕುಳಿತೇ ಇಲ್ಲ, ಆಗಲೇ ಎದ್ದುಬಿಟ್ಟೆ.”

ಮೀರಜಿನ ತಂಬೂರಿಯನ್ನು ಇಳಿಸಿ ಬಿಳಿ ನಾಲ್ಕಕ್ಕೆ ಶ್ರುತಿ ಮಾಡಿದರು. ಬಿಳಿ ನಾಲ್ಕೆಂದರೆ ಎಫ್, ನನ್ನ ಕೊಳವೆಯ ಸ್ವಂತ ಷಡ್ಜ. ಖರ್ಜದ ತಂತಿ ಮೀಟಿದಾಗ, ಯಾರೂ ನುಡಿಸದೆಯೇ, ಗಂಧಾರ ಕೇಳಿಸುತ್ತದಲ್ಲ, ಆ ಗಂಧಾರ ಆ ತಂತಿಯ ಮೂಲಸ್ವರದ ಜೊತೆಗೇ ಹುಟ್ಟುವ ಐದನೆಯ ಅನುಸ್ವರ. ನನ್ನ ಕೊಳವೆಯಲ್ಲಿ ಐದನೆಯದಾಗಿ ಹುಟ್ಟುವ ಸ್ವರವೂ ಅದೇ. ವಾಲ್ವ್ ಒತ್ತದೆ ಅದನ್ನು ಊದಿ ತಂಬೂರಿಯ ಗಂಧಾರದೊಳಗೆ ಇಳಿಸಿದಾಗ ಎರಡೂ ಒಂದರೊಳಗೊಂದು ಕರಗಿ, ಯಾವುದು ತಂತಿಯದು ಯಾವುದು ಹಿತ್ತಾಳೆಯದು ಎಂದು ಹೇಳಲಾಗಲಿಲ್ಲ. ಅತ್ತೆ ಕಣ್ಣು ಮುಚ್ಚಿ ತಲೆದೂಗಿದರು. ಪಿಯಾನೊದ ಗಂಧಾರ ಇದಕ್ಕಿಂತ ತುಸು ಏರಿದ್ದು. ಪಿಯಾನೊ ಜೊತೆ ಮಾತ್ರ ಅಭ್ಯಾಸ ಮಾಡಿದ್ದರೆ ನನ್ನ ವಾದ್ಯದ ಗಂಧಾರ ಎಲ್ಲಿದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಗಲೇ ಒಂದೆರಡು ಸಾಲುಗಳಲ್ಲೇ ಮನೆ ಬದಲಿಸಿ ಬೇರೆ ಸ್ವರವನ್ನು ಆಧಾರ ಮಾಡಿಕೊಳ್ಳುತ್ತಾನೆ, ಆಗ ತಂಬೂರಿ ಹೊಂದುವುದಿಲ್ಲ. ಅತ್ತೆ ಅಲ್ಲಿಗೆ ಬೆರಳು ನಿಲ್ಲಿಸುತ್ತಿದ್ದರು. ವೇದಿಕೆಯ ಮೇಲೆ ತಂಬೂರಿ ಇಟ್ಟುಕೊಳ್ಳಬೇಡ, ಅದು ಅವನ ಸಂಗೀತವಲ್ಲ ಎಂದು ಅವರೇ ಹೇಳಿದರು. ಸರಿಯಾದ ಮಾತು. ಆದರೆ ಉಸಿರು ಮುಗಿಯುವ ಮುನ್ನ ಸ್ವರವನ್ನು ಹೇಗೆ ಬಿಡಬೇಕು, ಮೌನವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದನ್ನು ಆ ಮಧ್ಯಾಹ್ನಗಳಲ್ಲೇ ಕಲಿತೆ.

ಪಿಯಾನೊ ನುಡಿಸುವವರು ಸಿಕ್ಕದ್ದು ಹುಬ್ಬಳ್ಳಿಯ ಒಂದು ಚರ್ಚಿನಲ್ಲಿ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದಾಗಿನಿಂದ ಈ ಭಾಗದ ಕ್ರೈಸ್ತ ಕುಟುಂಬಗಳಲ್ಲಿ ಕೀರ್ತನೆಗಳನ್ನು ನಾಲ್ಕು ದನಿಗಳಲ್ಲಿ ಹಾಡುವ, ಸ್ವರಲಿಪಿ ಓದುವ ರೂಢಿ ಬೆಳೆದಿದೆ. ಚರ್ಚಿನಲ್ಲಿ ಆರ್ಗನ್ ನುಡಿಸುವ, ಶಾಲೆಯಲ್ಲಿ ಗಣಿತ ಕಲಿಸುವ ಅಕ್ಕೋರೊಬ್ಬರು ರೀಸ್‌ನ ಪುಟಗಳನ್ನು ನೋಡಿ, “ಇದು ಹಾರ್ನಿಗೆ ಪಕ್ಕವಾದ್ಯವಲ್ಲ, ನನಗೂ ಸಮಪಾಲು ಇದೆ” ಎಂದರು. ಹೌದು, ರೀಸ್ ಸ್ವತಃ ದೊಡ್ಡ ಪಿಯಾನೊ ವಾದಕನಾಗಿದ್ದ. ಶಾಲೆಯ ಕೆಲಸ, ಮನೆಯ ಕೆಲಸ ಮುಗಿಸಿ ರಾತ್ರಿ ಅವರು ಆ ಭಾಗವನ್ನು ಕಲಿತರು. ನಾನು ಅವರಿಗೆ ಕೊಡಬಹುದಾದದ್ದು ಏನೂ ಇರಲಿಲ್ಲ, ಅವರು ಕೇಳಲೂ ಇಲ್ಲ.

ಧಾರವಾಡದ ಒಂದು ಶಾಲೆಯ ಸಭಾಂಗಣದಲ್ಲಿ ಹಳೆಯ ಪಿಯಾನೊ ಇದೆ ಎಂದು ತಿಳಿದು ನೋಡಲು ಹೋದೆವು. ಮೇಲೆ ಹೊದಿಸಿದ್ದ ಬಟ್ಟೆ ತೆಗೆದಾಗ ಧೂಳು ಎದ್ದಿತು. ಮಳೆಗಾಲದ ತೇವಕ್ಕೆ ಬೆರಳಿನಿಂದ ಒತ್ತುವ ಕೆಲವು ಪಟ್ಟಿಗಳು ಉಬ್ಬಿ, ಒತ್ತಿದರೆ ಮೇಲೇಳುತ್ತಿರಲಿಲ್ಲ. ಶ್ರುತಿ ಕಾಲು ಸ್ವರದಷ್ಟು ಕುಸಿದಿತ್ತು. ಗೋವೆಯಿಂದ ಬಂದ ಶ್ರುತಿಗಾರರು ಇಡೀ ದಿನ ಕೂತು ತಂತಿಗಳನ್ನು ಬಿಗಿದರು; ಆದರೆ ಪೂರ್ತಿ ಏರಿಸಿದರೆ ಹಳೆಯ ತಂತಿಗಳು ತುಂಡಾಗುತ್ತವೆ ಎಂದು ಸ್ವಲ್ಪ ಕೆಳಗೇ ನಿಲ್ಲಿಸಿದರು. ಇಲ್ಲಿ ಒಂದು ತಾಂತ್ರಿಕ ತೊಡಕು. ಬಿಸಿಲೇರಿದಂತೆ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು, ಆದ್ದರಿಂದ ಊದುವ ವಾದ್ಯಗಳ ಶ್ರುತಿ ಏರುತ್ತದೆ. ಅದೇ ಬಿಸಿಲಿಗೆ ತಂತಿ ಸಡಿಲಾಗಿ ಪಿಯಾನೊ ಇಳಿಯುತ್ತದೆ. ಧಾರವಾಡದ ಮಾರ್ಚ್ ತಿಂಗಳಿನಲ್ಲಿ ಎರಡೂ ವಿರುದ್ಧ ದಿಕ್ಕಿಗೆ ಹೊರಟಿದ್ದವು. ಹಾರ್ನಿನ ಮುಖ್ಯ ಸ್ಲೈಡನ್ನು (ಕೊಳವೆಯ ಉದ್ದ ಹೊಂದಿಸುವ ಜಾರುತುಂಡನ್ನು) ಹೊರಗೆಳೆದು, ಆಮೇಲೆ ಒಂದೊಂದು ವಾಲ್ವಿನ ಸ್ಲೈಡನ್ನೂ ಅದರ ಅಳತೆಗೆ ಎಳೆದು, ಬಲಗೈಯನ್ನು ರೂಢಿಗಿಂತ ಒಳಗಿಟ್ಟು ಶ್ರುತಿ ಕೂಡಿಸಿದೆ. ಕಾರ್ಯಕ್ರಮವನ್ನು ಬಿಸಿಲಿಳಿದ ಮೇಲೆ ಇಟ್ಟುಕೊಂಡದ್ದೂ ಈ ಕಾರಣಕ್ಕೇ.

ಸಭಾಂಗಣ ಕೊಡುವ ಹಿರಿಯರು ಸಹೃದಯರು. ಆದರೂ ಕೇಳಿದರು: “ಈ ಊರಿನಲ್ಲಿ ಸಂಗೀತಕ್ಕೇನು ಬರವಿಲ್ಲ. ಈ ವಿದೇಶಿ ವಾದ್ಯದ, ಅಲ್ಲಿಯವರೇ ಮರೆತ ಸಂಗೀತವನ್ನು ಇಲ್ಲಿ ಏಕೆ ತರುತ್ತೀ ತಂಗಿ?”

ನಾನು ಅವರಿಗೆ ಮೈಸೂರಿನ ಜಯಚಾಮರಾಜ ಒಡೆಯರ ಕಥೆ ಹೇಳಿದೆ. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ಸಂಯೋಜಕ ಲಂಡನ್ನಿನಲ್ಲಿ ವಯಸ್ಸಾಗಿ, ಆರೋಗ್ಯ ಕೆಟ್ಟು, ಲೋಕದ ಗಮನಕ್ಕೆ ದೂರವಾಗಿ ಬದುಕುತ್ತಿದ್ದ. ಒಡೆಯರು 1948ರಲ್ಲಿ ಅವನ ಹೆಸರಿನ ಸೊಸೈಟಿಗೆ ಹಣ ಕೊಟ್ಟು, ಅವನ ಕೃತಿಗಳನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸಿಕೊಳ್ಳುವಂತೆ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ಅವನ ಕೈಯ ನಾದ ಇಂದು ನಮಗೆ ಕೇಳಸಿಗುವುದರಲ್ಲಿ ಮೈಸೂರಿನ ಹಣದ ಪಾಲು ದೊಡ್ಡದು. ಇನ್ನೊಂದು ಸಂಗತಿ ನನ್ನ ವಾದ್ಯಕ್ಕೆ ನೇರವಾಗಿ ಸೇರಿದ್ದು. ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಳ್ಳುವ ಮುನ್ನ ಬರೆದ ಕೊನೆಯ ನಾಲ್ಕು ಗೀತೆಗಳನ್ನು ಮೊದಲ ಬಾರಿಗೆ ಹಾಡಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಟ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರ್ ಭರವಸೆ ಕೊಟ್ಟವರು ನಮ್ಮ ಒಡೆಯರು. ಆ ಗೀತೆಗಳಲ್ಲಿ ‘ಸೆಪ್ಟೆಂಬರ್’ ಎಂಬುದು ಗಾಯಕಿಯ ದನಿ ನಿಂತ ಮೇಲೆ ಹಾರ್ನಿನ ಒಂಟಿ ದನಿಯಲ್ಲಿ ಮುಗಿಯುತ್ತದೆ. ಸ್ಟ್ರಾಸನ ತಂದೆ ಫ್ರಾನ್ಸ್ ಮ್ಯೂನಿಕ್ಕಿನ ಆಸ್ಥಾನದ ಹಾರ್ನ್ ವಾದಕರಾಗಿದ್ದರು. ಅಲ್ಲಿಯವರು ಮರೆತದ್ದನ್ನು ಕನ್ನಡನಾಡಿನ ಒಬ್ಬರು ಎತ್ತಿ ಹಿಡಿದದ್ದು ಹೊಸದೇನಲ್ಲ ಎಂದೆ.

ಆ ಹಿರಿಯರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ತಮ್ಮ ಕಥೆ ಹೇಳಿದರು. ಹುಡುಗರಾಗಿದ್ದಾಗ ಮಲ್ಲಿಕಾರ್ಜುನ ಮನಸೂರರನ್ನು ಬೈಠಕ್ಕುಗಳಲ್ಲಿ ಕೇಳಿದವರು ಅವರು. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭೂರ್ಜಿ ಖಾನರಿಂದ ಪಡೆದ ಅಪ್ರಚಲಿತ ರಾಗಗಳನ್ನು ಮನಸೂರರು ಹಾಡುತ್ತಲೇ ಹೋದರು: ಖಟ್, ಬಿಹಾರಿ, ನಟ್ ಬಿಹಾಗ್, ಶಿವಮತ ಭೈರವ, ಬಸಂತಿ ಕೇದಾರ. ಮೊದಮೊದಲು ಇದು ಯಾವ ರಾಗವೆಂದು ಜನ ಪಕ್ಕದವರ ಮುಖ ನೋಡುತ್ತಿದ್ದರಂತೆ. ವರ್ಷಗಳು ಕಳೆದ ಮೇಲೆ ಧಾರವಾಡದ ಕೇಳುಗರು ಅವನ್ನೇ ಹಾಡಿರೆಂದು ಚೀಟಿ ಕಳಿಸತೊಡಗಿದರು. “ಅವರು ಒಮ್ಮೆಯೂ, ಇದು ಅಪರೂಪದ್ದು, ಕೇಳಿ ಎಂದು ಹೇಳಿಕೊಳ್ಳಲಿಲ್ಲ. ಹಾಡಿದರು, ಮತ್ತೆ ಹಾಡಿದರು” ಎಂದರು ಆ ಹಿರಿಯರು. ಸಭಾಂಗಣದ ಬಾಡಿಗೆ ತೆಗೆದುಕೊಳ್ಳಲಿಲ್ಲ.

ಆ ಮಾತು ನನ್ನ ಕಾರ್ಯಕ್ರಮದ ರೂಪವನ್ನೇ ಬದಲಿಸಿತು. ಪ್ರತಿ ಕೃತಿಯ ಮುಂಚೆ ಅದೆಷ್ಟು ಅಲಕ್ಷಿತ, ಅದಕ್ಕೆಷ್ಟು ಅನ್ಯಾಯವಾಗಿದೆ ಎಂದು ಹೇಳಲು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನು ತೆಗೆದುಹಾಕಿದೆ. ಕರುಣೆಯಿಂದ ಕೇಳಿಸಿಕೊಳ್ಳಬೇಕಾದ ಸಂಗೀತ ಇದಲ್ಲ. ಅದರ ಬದಲು ಆರಂಭದಲ್ಲಿ ನುಡಿಸಿದ ಪ್ರೆಲ್ಯೂಡನ್ನೇ ವಿರಾಮದ ನಂತರ ಇನ್ನೊಮ್ಮೆ ನುಡಿಸುವುದೆಂದು ನಿರ್ಧರಿಸಿದೆ. ಪರಿಚಯವಿಲ್ಲದ ಸಂಗೀತ ಮೊದಲ ಸಲ ಕಿವಿಗೆ ದಾರಿ ಮಾಡಿಕೊಳ್ಳುತ್ತದೆ, ಎರಡನೆಯ ಸಲ ಒಳಗೆ ಬರುತ್ತದೆ. ಮೊಟ್ಸಾರ್ಟನನ್ನು ನಾವು ನೂರಾರು ಸಲ ಕೇಳಿರುತ್ತೇವೆ. ರೀಸ್‌ನನ್ನು ಒಂದೇ ಒಂದು ಸಲ ಕೇಳಿ ಇಬ್ಬರನ್ನೂ ತೂಗುವುದು ನ್ಯಾಯವಲ್ಲ.

ಕಾರ್ಯಕ್ರಮದ ದಿನ ಹಾರ್ನಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದೆ. ಕುರ್ಚಿಗಳು ಪೂರ್ತಿ ತುಂಬಲಿಲ್ಲ, ತೀರಾ ಖಾಲಿಯೂ ಇರಲಿಲ್ಲ. ಅತ್ತೆಯ ಶಿಷ್ಯರು, ಚರ್ಚಿನವರು, ಗುರುಗಳ ಹಳೆಯ ಸೇನಾ ಗೆಳೆಯರು, ಅಪ್ಪನ ವರ್ಕ್‌ಶಾಪಿನವರು, ಪತ್ರಿಕೆಯಲ್ಲಿ ನೋಡಿ ಬಂದ ಅಪರಿಚಿತರು. ಗುರುಗಳು ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

ಪಾಶ್ಚಾತ್ಯ ಸಂಗೀತದ ಸಭೆಗಳಲ್ಲಿ ಕೃತಿ ಮುಗಿಯುವವರೆಗೆ ಯಾರೂ ಸದ್ದು ಮಾಡುವುದಿಲ್ಲ. ಧಾರವಾಡದವರು ಹಾಗಲ್ಲ. ಗಲೇಯ ಪ್ರೆಲ್ಯೂಡಿನಲ್ಲಿ ಒಂದು ಎಡೆ ಇದೆ: ತೆರೆದ ಸ್ವರವೊಂದು ಮೇಲಿನಿಂದ ಇಳಿಯುತ್ತ ಅರ್ಧ ಮುಚ್ಚಿದ ಅಂಗೈಯೊಳಗೆ ಮಸುಕಾಗುತ್ತದೆ, ಕ್ಷಣ ನಿಂತು, ಅಂಗೈ ತೆರೆದಾಗ ಅದೇ ದನಿ ಪಂಚಮದಲ್ಲಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಹಿಂದಿನ ಸಾಲಿನಿಂದ ಯಾರೋ “ಕ್ಯಾ ಬಾತ್!” ಎಂದರು. ಪ್ಯಾರಿಸಿನಲ್ಲಿ ಗಲೇಗೆ ಈ ದಾದು ಸಿಕ್ಕಿತ್ತೋ ಇಲ್ಲವೋ, ಧಾರವಾಡದಲ್ಲಿ ಸಿಕ್ಕಿತು. ನನ್ನ ಮುಂದಿನ ಉಸಿರು ಇನ್ನಷ್ಟು ಆಳಕ್ಕೆ ಹೋಯಿತು. ರೀಸ್‌ನ ಸೊನಾಟಾ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನದು. ನಿಧಾನದ ಪೀಠಿಕೆ ಮುಗಿದು ವೇಗದ ಭಾಗ ಚಿಮ್ಮಿದಾಗ ಅಕ್ಕೋರು ನನ್ನತ್ತ ನೋಡಿ ಗೋಣು ಹಾಕಿದರು, ಆಮೇಲೆ ರೊಂಡೊ ಎಂಬ ಕೊನೆಯ ಭಾಗದ ತನಕ ನಮಗಿಬ್ಬರಿಗೂ ಭಯವೆಂಬುದು ಇರಲಿಲ್ಲ. ವಿನ್ಯೆರಿ ಅವರ ಸೊನಾಟಾ ಎಲ್ಲಕ್ಕಿಂತ ಕಠಿಣ. ಪಿಯಾನೊ ಮತ್ತು ಹಾರ್ನ್ ಒಂದನ್ನೊಂದು ಬೆನ್ನಟ್ಟುವ ಮೂರನೆಯ ಭಾಗ ಮುಗಿದಾಗ, ಸಭೆಯ ಚಪ್ಪಾಳೆ ನಮಗಿಂತ ಹೆಚ್ಚಾಗಿ ಅವರಿಗೆ ಸಲ್ಲುತ್ತಿದೆ ಎನಿಸಿತು. ಹಾಗೆಯೇ ಆಗಬೇಕಿತ್ತು.

ಮುಗಿದ ಮೇಲೆ ಗುರುಗಳು ಏನನ್ನೂ ಹೇಳದೆ ನನ್ನ ಹಾರ್ನನ್ನು ಇಸಿದುಕೊಂಡು, ಸ್ಲೈಡುಗಳನ್ನು ಒಂದೊಂದಾಗಿ ಎಳೆದು ಒಳಗೆ ನಿಂತಿದ್ದ ನೀರನ್ನು ಬಸಿದು, ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಅದು ಶಿಷ್ಯರ ಕೆಲಸ. ನಾನು ತಡೆಯಲು ಹೋದಾಗ ಕೈಸನ್ನೆಯಿಂದ ಸುಮ್ಮನಿರಿಸಿದರು.

ಎರಡನೆಯ ಸಲ ನುಡಿಸಿದ ಪ್ರೆಲ್ಯೂಡಿನ ಬಗ್ಗೆ ಹಲವರು ಬಂದು ಮಾತನಾಡಿದರು. ಮೊದಲ ಸಲ ಕೈಯ ಚಲನೆಯನ್ನೇ ನೋಡುತ್ತಿದ್ದೆವು, ಎರಡನೆಯ ಸಲ ಸಂಗೀತ ಕೇಳಿಸಿತು ಎಂದು ಅತ್ತೆಯ ಒಬ್ಬ ಶಿಷ್ಯೆ ಹೇಳಿದಳು. ಆಕೆಯೀಗ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ನನ್ನಲ್ಲಿ ಹಾರ್ನ್ ಕಲಿಯುತ್ತಿದ್ದಾಳೆ. ಗುರುಗಳ ಟ್ರಂಕಿನಲ್ಲಿದ್ದ ವಾದ್ಯ ಅವಳ ಕೈಯಲ್ಲಿದೆ. ಅವಳಿಗೆ ಮೊಟ್ಸಾರ್ಟನ ಜೊತೆಗೇ ಗಲೇಯನ್ನೂ ಹೇಳಿಕೊಡುತ್ತಿದ್ದೇನೆ. ಯಾವುದು ಪ್ರಸಿದ್ಧ, ಯಾವುದು ಅಲ್ಲ ಎಂಬುದನ್ನು ಇನ್ನೂ ಹೇಳಿಲ್ಲ.

ಅದೇ ಕಾರ್ಯಕ್ರಮವನ್ನು ಒಂದು ಕೃತಿಯನ್ನೂ ಬದಲಿಸದೆ ಹುಬ್ಬಳ್ಳಿಯಲ್ಲಿ, ಆಮೇಲೆ ಗದಗಿನಲ್ಲಿ ನುಡಿಸುವ ಸಿದ್ಧತೆ ಈಗ ನಡೆದಿದೆ. ಗದಗಿನಲ್ಲಿ ಪಿಯಾನೊ ಇನ್ನೂ ಸಿಕ್ಕಿಲ್ಲ. ಸಿಗದಿದ್ದರೆ ಎಲೆಕ್ಟ್ರಾನಿಕ್ ಪಿಯಾನೊ ಒಯ್ಯುತ್ತೇವೆ, ಅದರ ಶ್ರುತಿಯಾದರೂ ಬಿಸಿಲಿಗೆ ಇಳಿಯುವುದಿಲ್ಲ. ವಿನ್ಯೆರಿ ಅವರ ಎರಡನೆಯ ಭಾಗದ ಲಯದ ಬಗ್ಗೆ ಅಕ್ಕೋರಿಗೂ ನನಗೂ ಇನ್ನೂ ಒಮ್ಮತವಾಗಿಲ್ಲ. ಅದು ಮತ್ತಷ್ಟು ನಿಧಾನವಾಗಬೇಕೆಂಬುದು ಅವರ ಹಟ. ಅವರು ಹೇಳುವ ಲಯದಲ್ಲಿ ಮೊದಲ ಸಾಲನ್ನು ಒಂದೇ ಉಸಿರಿನಲ್ಲಿ ಮುಟ್ಟಿಸಲು ನನಗೆ ಸಾಧ್ಯವಾಗುತ್ತಿಲ್ಲ, ನಡುವೆ ಉಸಿರು ತೆಗೆದುಕೊಂಡರೆ ಸಾಲು ತುಂಡಾಗುತ್ತದೆ. ನೃಪತುಂಗ ಬೆಟ್ಟದ ಮೇಲೆ ಈಗ ದಿನವೂ ಆ ಒಂದೇ ಸಾಲಿನ ಅಭ್ಯಾಸ.